ಸಿಟ್ಟಿಲ್ಲದಿದ್ದರೂ ಸಿಟ್ಟಾದಂತೆ ಕಾಣುವ ಮುಖ

ಪ್ರಶ್ನೆ: ಕಲಬುರಗಿಯ ಔಷಧಿ ಅಂಗಡಿಯೊಂದರಲ್ಲಿ ಆರು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. ಸುಮ್ಮನೆ ನಿಂತಿದ್ದರೂ ಗಿರಾಕಿಗಳು 'ಯಾಕವ್ವ, ಸಿಟ್ಟು ಬಂದಿದೆಯೇ?' ಎಂದು ಕೇಳುತ್ತಾರೆ. ಇಡೀ ದಿನ ನಗುತ್ತಾ ನಿಂತು ನೋಡಿದೆ. ಸಂಜೆಗೆ ಕೆನ್ನೆ ನೋಯುತ್ತದೆ. ನಗುಮುಖ ಹುಟ್ಟಿನಿಂದಲೇ ಬರಬೇಕೇ, ರೂಢಿಸಿಕೊಳ್ಳಬಹುದೇ?

ಉತ್ತರ: ಖಂಡಿತ ರೂಢಿಸಿಕೊಳ್ಳಬಹುದು, ತಂಗಿ. ಆದರೆ ನೀವು ತುಟಿಯಿಂದ ಶುರು ಮಾಡಿದ್ದೀರಿ. ಹುಬ್ಬಿನಿಂದ ಶುರು ಮಾಡಬೇಕಿತ್ತು.

ಹುಬ್ಬುಗಳ ಒಳತುದಿಯಲ್ಲಿ ಸಣ್ಣ ಸ್ನಾಯುಗಳಿವೆ. ಅವು ಬಿಗಿದಾಗ ಹುಬ್ಬುಗಳು ಒಳಕ್ಕೂ ಕೆಳಕ್ಕೂ ಸರಿದು ನಡುವೆ ನೆರಿಗೆ ಮೂಡುತ್ತದೆ. ನಾವು ಹುಬ್ಬು ಗಂಟಿಕ್ಕುವುದು ಎನ್ನುವುದು ಇದನ್ನೇ. ಸಿಟ್ಟು ಬಂದಾಗ ಮಾತ್ರವಲ್ಲ, ಸಣ್ಣ ಅಕ್ಷರ ಓದುವಾಗ, ಬಿಸಿಲಿಗೆ ಕಣ್ಣು ಕಿರಿದು ಮಾಡುವಾಗ, ತಲೆ ನೋಯುವಾಗಲೂ ಅವು ಬಿಗಿಯುತ್ತವೆ. ಎದುರಿಗಿರುವವರಿಗೆ ಕಾರಣ ಕಾಣುವುದಿಲ್ಲ, ಗಂಟು ಮಾತ್ರ ಕಾಣುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ರಸ್ತೆಯ ಬೆಳಕು ನೇರವಾಗಿ ಕಣ್ಣಿಗೆ ಬೀಳುವ ಅಂಗಡಿಯಲ್ಲಿ, ವೈದ್ಯರ ಕೈಬರಹವನ್ನೂ ಮಾತ್ರೆಯ ಹಾಳೆಯ ಮೇಲಿನ ಮಾಸಿದ ದಿನಾಂಕವನ್ನೂ ದಿನವಿಡೀ ಓದುವವರ ಹುಬ್ಬು ಸಡಿಲವಾಗಿರುವುದಾದರೂ ಹೇಗೆ? ಹಾಗಾಗಿ ಮೊದಲು ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಎದುರಿನ ಬಿಸಿಲಿಗೆ ಒಂದು ಪರದೆ ಕಟ್ಟಲು ಮಾಲೀಕರನ್ನು ಕೇಳಿ. ನಿಮ್ಮ ಸ್ವಭಾವದಲ್ಲೇ ದೋಷ ಹುಡುಕುವುದು ಆಮೇಲಿನ ಮಾತು. ಬಹುಶಃ ಅದರ ಅಗತ್ಯವೇ ಬರುವುದಿಲ್ಲ.

ಇನ್ನು ನಗೆ. ಫ್ರಾನ್ಸಿನ ವೈದ್ಯ ಡುಷೆನ್ ಮುಖದ ಒಂದೊಂದೇ ಸ್ನಾಯುವಿಗೆ ವಿದ್ಯುತ್ ತಾಗಿಸಿ ನೋಡಿ, 1862ರಲ್ಲಿ ತನ್ನ ಅಧ್ಯಯನವನ್ನು ಪ್ರಕಟಿಸಿದ. ತುಟಿಯ ತುದಿಯನ್ನು ಮೇಲಕ್ಕೆಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತಲಿನ ಸ್ನಾಯು ಮನಸ್ಸು ನಿಜವಾಗಿ ಅರಳಿದಾಗ ಓಗೊಡುತ್ತದೆ ಎಂಬುದು ಅವನು ಕಂಡದ್ದು. ಕಣ್ಣಿನ ನಗೆಯನ್ನೂ ಬೇಕೆಂದು ತರಬಲ್ಲವರಿದ್ದಾರೆ ಎಂದು ನಂತರದ ಸಂಶೋಧಕರು ತೋರಿಸಿದ್ದಾರೆ. ಆದರೂ ಕಣ್ಣಿಗೆ ತಲುಪದ ನಗೆ ಜನರಿಗೆ ಬೇಗ ತಿಳಿಯುತ್ತದೆ. ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯಿಂದಲೇ. ಆಮೇಲೆ ಮಾಸ್ಕ್ ಹಾಕಿಕೊಂಡು ಕಳೆದ ದಿನಗಳಲ್ಲಿ ಅರ್ಧ ಮುಖ ಕಾಣದಿದ್ದರೂ ಯಾರು ನಗುತ್ತಿದ್ದಾರೆಂದು ನಮಗೆ ಗೊತ್ತಾಗುತ್ತಿತ್ತಲ್ಲವೇ?

ನಾನು ಊಟಕ್ಕೆ ಹೋಗುವ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವ ಅಕ್ಕನೊಬ್ಬರಿದ್ದಾರೆ. ಕೆಲಸದಲ್ಲಿದ್ದಾಗ ಅವರ ಮುಖ ಬಿಗಿದೇ ಇರುತ್ತದೆ, ನಗುಮುಖದವರೆಂದು ಯಾರೂ ಹೇಳುವುದಿಲ್ಲ. ಬಾಗಿಲಲ್ಲಿ ಪರಿಚಿತರು ಕಂಡರೆ ಮಾತ್ರ ಹಿಟ್ಟಿನ ಕೈ ಅಲ್ಲೇ ನಿಂತು, ತಲೆ ಎತ್ತಿ, ಹುಬ್ಬು ಒಮ್ಮೆ ಮೇಲೇರಿ ಇಳಿಯುತ್ತದೆ. ಅಷ್ಟರಲ್ಲೇ ಬಂದವರ ಸಂಕೋಚ ಹೋಗುತ್ತದೆ. ಈ ಹುಬ್ಬೇರಿಸುವ ಸ್ವಾಗತವನ್ನು ಐಬ್ಲ್-ಐಬೆಸ್‌ಫೆಲ್ಟ್ ಎಂಬ ವಿಜ್ಞಾನಿ ಹಲವು ದೇಶಗಳಲ್ಲಿ ಚಿತ್ರೀಕರಿಸಿದ್ದಾರೆ. ಸೆಕೆಂಡಿನ ಆರನೆಯ ಒಂದು ಭಾಗದಷ್ಟು ಹೊತ್ತು ಅದು ನಡೆಯುತ್ತದೆ. ನನ್ನ ಅನುಭವದಲ್ಲಿ ಸ್ನೇಹದ ಮುಖವೆಂದರೆ ಸದಾ ನಗುವ ಮುಖವಲ್ಲ, ನಿಮ್ಮನ್ನು ಕಂಡಾಗ ಬದಲಾಗುವ ಮುಖ.

ನೀವೂ ಹಾಗೆಯೇ ಮಾಡಿ. ಗಿರಾಕಿ ಬಂದಾಗ ಚೀಟಿಗೆ ಕೈ ಚಾಚುವ ಮೊದಲು ಅವರ ಮುಖ ನೋಡಿ, ಹುಬ್ಬು ಸಡಿಲಿಸಿ. ನಗೆ ತಾನಾಗಿ ಬಂದರೆ ಬರಲಿ. ಅವರು ಹೋದ ಮೇಲೆ ಮುಖಕ್ಕೆ ವಿಶ್ರಾಂತಿ ಕೊಡಿ, ಕೆನ್ನೆ ನೋಯುವುದಿಲ್ಲ. ನಿಮ್ಮದು ಔಷಧಿ ಅಂಗಡಿ ಎಂಬುದನ್ನೂ ಮರೆಯಬೇಡಿ. ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದ ತಾಯಿಗೆ ಅಗಲವಾದ ನಗೆ ಬೇಕಿಲ್ಲ. ತುಸು ಮುಂದಕ್ಕೆ ಬಾಗಿ, ಅವರು ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡರೆ ಸಾಕು.

'ಸ್ವಲ್ಪ ನಗಮ್ಮ' ಎಂದು ಬೇಕೆಂದೇ ಕಾಡುವವರೂ ಬರುತ್ತಾರೆ. ಅವರಿಗೆ ಕೊಡಬೇಕಾದದ್ದು ಔಷಧಿ ಮತ್ತು ಚಿಲ್ಲರೆ ಮಾತ್ರ.