‘ಬೆಲೆ ಎಷ್ಟು’ ಎಂದು ಕೇಳಿ ಸುಮ್ಮನಾಗುವ ತಾಯಂದಿರು

ಪ್ರಶ್ನೆ: ಮನೆಯಿಂದಲೇ ಹಪ್ಪಳ, ಸೀರೆ, ಕೇಕ್ ಮಾರುವ ತಾಯಂದಿರಿಗೆ ವಾಟ್ಸ್‌ಆ್ಯಪ್ ಕ್ಯಾಟಲಾಗ್ ಮತ್ತು ಆರ್ಡರ್ ಲೆಕ್ಕ ಹೊಂದಿಸಿಕೊಡುವ ಪ್ಯಾಕೇಜ್ ಮಾಡಿದ್ದೇನೆ. ಬೆಲೆ 1,499 ರೂ. ತುಮಕೂರಿನಲ್ಲಿ ಫೇಸ್‌ಬುಕ್ ಜಾಹೀರಾತು ಹಾಕಿದರೆ ಮೆಸೇಜ್ ಬರುತ್ತವೆ. ಬೆಲೆ ಹೇಳಿದ ಮೇಲೆ ಉತ್ತರವೇ ಇಲ್ಲ. ಬೆಲೆ ಇಳಿಸಬೇಕೇ?

ಉತ್ತರ: ಇಳಿಸುವ ಮೊದಲು ನಿಮ್ಮ ಜಾಹೀರಾತಿನ ಮೊದಲ ಸಾಲನ್ನು ಇನ್ನೊಮ್ಮೆ ಓದಿ. ‘ಮನೆಯಲ್ಲೇ ಕೂತು ತಿಂಗಳಿಗೆ 30 ಸಾವಿರ ಗಳಿಸಿ’ ಎಂಬ ಧಾಟಿ ಅಲ್ಲಿದ್ದರೆ ಅವರು ಹೆದರಿದ್ದು ನಿಮಗೆ. ಇದೇ ಮಾತು ಹೇಳಿ ವಿಡಿಯೊ ಲೈಕ್ ಮಾಡಿಸಿ, ಮೊದಲು ನೂರಿನ್ನೂರು ಕೈಗಿಟ್ಟು, ಆಮೇಲೆ ‘ಡೆಪಾಸಿಟ್’ ಕಟ್ಟಿಸಿಕೊಂಡು ಮಾಯವಾಗುವವರು ಎಷ್ಟೋ ಮನೆಗಳ ಉಳಿತಾಯ ತಿಂದಿದ್ದಾರೆ. ಸೇರಲು ಹಣ ಕಟ್ಟಿ, ನಿಮ್ಮ ಕೆಳಗೆ ನಾಲ್ವರನ್ನು ಸೇರಿಸಿ ಎನ್ನುವ ಜಾಲಗಳೂ ಹಾಗೆಯೇ. ಹಣ ಸುತ್ತಿಸುವ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ, 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಗಳಿಕೆಯ ಮಾತನ್ನು ಪೂರ್ತಿ ತೆಗೆಯಿರಿ. ‘ಇನ್ನೊಬ್ಬರನ್ನು ಕರೆತಂದರೆ ಕಮಿಷನ್’ ಎಂಬ ಸಾಲೂ ಬೇಡ. ‘ಇಂದು ರಾತ್ರಿಗೆ ಆಫರ್ ಮುಗಿಯುತ್ತದೆ’ ಎಂದು ಹೇಳಿ ನಾಳೆಯೂ ಅದೇ ಬೆಲೆಗೆ ಕೊಡುವುದಂತೂ ಬೇಡವೇ ಬೇಡ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ಇಂಥ ಸುಳ್ಳು ಅವಸರವನ್ನು ನಿಷೇಧಿಸಿದೆ.

ಹಾಗಾದರೆ ಏನು ಹೇಳಬೇಕು? ಒಲೆ ಮೇಲೆ ಸಾರು ಕುದಿಯುತ್ತಿರುತ್ತದೆ, ಮಗುವಿನ ಹೋಮ್‌ವರ್ಕ್ ಬಾಕಿ ಇರುತ್ತದೆ. ಆಗ ಹತ್ತು ಜನ ‘ಚಕ್ಲಿ ಎಷ್ಟು? ಅರ್ಧ ಕೆಜಿ ಸಿಗುತ್ತಾ? ಗುಬ್ಬಿಗೆ ಕಳಿಸ್ತೀರಾ?’ ಎಂದು ಕೇಳುತ್ತಾರೆ. ಹತ್ತೂ ಜನಕ್ಕೆ ಬೇರೆ ಬೇರೆ ಟೈಪ್ ಮಾಡಬೇಕು. ನಿಮ್ಮ ಪ್ಯಾಕೇಜ್ ಉಳಿಸುವುದು ಈ ಶ್ರಮವನ್ನು, ಜಾಹೀರಾತಿನಲ್ಲಿ ಅದನ್ನೇ ಬರೆಯಿರಿ.

ಬೆಲೆ ಕೇಳಿದವರಿಗೆ ಬೆಲೆಯ ಜೊತೆಗೇ ಒಂದು ಮಾದರಿ ಕ್ಯಾಟಲಾಗ್ ಮಾಡಿಕೊಡಿ. ಅವರ ಸರಕಿನ ಮೂರು ಫೋಟೊ ತರಿಸಿಕೊಳ್ಳಿ. ಕಿಟಕಿ ಪಕ್ಕ, ಬೆಳಗಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಲು ಹೇಳಿ. ಟ್ಯೂಬ್‌ಲೈಟಿನಲ್ಲಿ ತೆಗೆದರೆ ಸೀರೆಯ ಬಣ್ಣ ಬದಲಾಗಿ ಕಾಣುತ್ತದೆ, ಸೀರೆ ವಾಪಸ್ ಬರಲು ಅದೂ ಒಂದು ಕಾರಣ. ಹೆಸರಿನ ಜಾಗದಲ್ಲಿ ‘ಕೊಬ್ಬರಿ ಚಟ್ನಿಪುಡಿ, 250 ಗ್ರಾಂ’ ಎಂದು ತೂಕ ಸಮೇತ ಬರೆಯಿರಿ, ಬೆಲೆ ಹಾಕಿ. ವಿವರಣೆಯಲ್ಲಿ ಎಷ್ಟು ದಿನ ಇಡಬಹುದು, ಎಲ್ಲಿಗೆ ಕಳಿಸುತ್ತಾರೆ, ಕೊರಿಯರ್ ಖರ್ಚು ಯಾರದು ಎಂಬ ಮೂರೇ ಸಾಲು ಸಾಕು. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಉಚಿತ, ಅದರ ಕ್ಯಾಟಲಾಗ್‌ನಲ್ಲಿ 500 ವಸ್ತು ಹಿಡಿಯುತ್ತವೆ. ಆದರೂ ಐದಾರರಿಂದ ಶುರು ಮಾಡಿಸಿ. ಮೊದಲ ದಿನವೇ ನಲವತ್ತು ವಸ್ತು ತುಂಬಿಸಿದರೆ ಬೆಲೆ ಏರಿದಾಗ ಯಾವುದನ್ನೂ ತಿದ್ದದೆ ಕೈಬಿಡುತ್ತಾರೆ. ಸಿದ್ಧ ಉತ್ತರಗಳೂ ನಾಲ್ಕೇ ಇರಲಿ: ಬೆಲೆಪಟ್ಟಿ, ಡೆಲಿವರಿ, ಯುಪಿಐ ವಿವರ, ‘ನಾಳೆ ತಿಳಿಸುತ್ತೇನೆ’. ‘/’ ಒತ್ತಿದರೆ ಅವು ಮುಂದೆ ಬಂದು ನಿಲ್ಲುತ್ತವೆ. ತಿಂಡಿ ಮಾರುವವರಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಇದೆಯೇ ಎಂದು ಮೊದಲೇ ಕೇಳಿ. ಪ್ಯಾಕೆಟ್ ಮೇಲೆ ಆ 14 ಅಂಕಿಯ ಸಂಖ್ಯೆ, ಪದಾರ್ಥಗಳ ಪಟ್ಟಿ, ತೂಕ, ತಯಾರಿಸಿದ ದಿನ ಇರಬೇಕು. ಅದಿಲ್ಲದೆ ಊರಿಗೆಲ್ಲ ಕಾಣುವ ಕ್ಯಾಟಲಾಗ್ ಮಾಡಿಕೊಟ್ಟರೆ ನೀವೇ ಅವರನ್ನು ತೊಂದರೆಗೆ ದೂಡಿದಂತೆ. ಸಣ್ಣ ಉದ್ಯಮಗಳಿಗಿರುವ ‘ಉದ್ಯಮ್’ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ. ಅದನ್ನು ನಿಮ್ಮ ಪ್ಯಾಕೇಜಿನ ‘ವಿಶೇಷ’ ಎಂದು ದುಡ್ಡಿಗೆ ಮಾರಬೇಡಿ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ನಂಬರಿನ ವಿಷಯದಲ್ಲಿ. ಒಂದೇ ನಂಬರು ಸಾಮಾನ್ಯ ವಾಟ್ಸ್‌ಆ್ಯಪ್‌ನಲ್ಲೂ ಬಿಸಿನೆಸ್ ಆ್ಯಪ್‌ನಲ್ಲೂ ಒಟ್ಟಿಗೆ ನಡೆಯುವುದಿಲ್ಲ. ಮನೆಯ ನಂಬರನ್ನೇ ಬಿಸಿನೆಸ್ ಆ್ಯಪ್‌ಗೆ ಬದಲಾಯಿಸಿದರೆ ಶಾಲೆಯ ಗ್ರೂಪು, ತವರಿನ ಗ್ರೂಪು, ಗಿರಾಕಿಗಳು ಎಲ್ಲ ಒಂದೇ ಕಡೆ ಕಲಸಿಹೋಗುತ್ತವೆ, ರಾತ್ರಿ ಹನ್ನೊಂದಕ್ಕೆ ಆರ್ಡರ್ ಕರೆ ಬರುತ್ತದೆ. ಎರಡನೇ ಸಿಮ್ ಒಳ್ಳೆಯದು. ಅದರ ರೀಚಾರ್ಜ್ ಖರ್ಚನ್ನು ಬೆಲೆ ಹೇಳುವಾಗಲೇ ಹೇಳಿ, ಆಮೇಲೆ ಗೊತ್ತಾದರೆ ಮೋಸವೆನಿಸುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸುವಂತಿಲ್ಲ.

ಜಾಹೀರಾತಿನ ಪ್ರದೇಶ ಆರಿಸುವಾಗ ತುಮಕೂರಿನ ಸುತ್ತ 80 ಕಿ.ಮೀ. ವೃತ್ತ ಹಾಕಿದ್ದರೆ ಸುಮಾರು 70 ಕಿ.ಮೀ. ದೂರದ ಬೆಂಗಳೂರು ಒಳಗೆ ಬಂದು ದುಡ್ಡೆಲ್ಲ ಅಲ್ಲೇ ಕರಗುತ್ತದೆ. ತಿಪಟೂರು, ಶಿರಾ, ಮಧುಗಿರಿ, ಕುಣಿಗಲ್ ಎಂದು ಊರಿನ ಹೆಸರುಗಳನ್ನೇ ಕೊಟ್ಟು ವೃತ್ತ ಚಿಕ್ಕದಿಡಿ. ಪಾವಗಡದ ಕಡೆ ಅನೇಕರ ಮನೆಮಾತು ತೆಲುಗು, ಒಂದು ತೆಲುಗು ವಾಯ್ಸ್ ಮೆಸೇಜ್ ಸಿದ್ಧವಿರಲಿ. ಮೆಸೇಜ್ ಕಳಿಸುವುದು ಮಧ್ಯಾಹ್ನ ಊಟವಾದ ಮೇಲೆ. ಬೆಳಿಗ್ಗೆ ಮಕ್ಕಳು ಹೊರಡುವ ಹೊತ್ತಿಗೆ ಬಂದ ಮೆಸೇಜು ಅಡಿಯಲ್ಲಿ ಸೇರಿ ಮರೆತುಹೋಗುತ್ತದೆ.

ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದಾದರೂ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. ಮಾದರಿ ಕಳಿಸಿದ ದಿನವೇ ‘ನನ್ನ ನಂಬರು ಸೇವ್ ಮಾಡಿಕೊಳ್ಳಿ ಅಕ್ಕ’ ಎಂದು ಕೇಳಿ. ಬೇರೆಯವರ ಗ್ರೂಪಿನಿಂದ ನಂಬರು ಎತ್ತಿಕೊಂಡು ಕಳಿಸಿದರೆ ಬ್ಲಾಕ್ ಮಾಡುತ್ತಾರೆ, ರಿಪೋರ್ಟುಗಳು ಹೆಚ್ಚಾದರೆ ನಿಮ್ಮ ಖಾತೆಯೇ ಹೋಗಬಹುದು.

ಬೆಲೆಯ ಮಾತು ಕೊನೆಗೆ: 1,499 ಅನ್ನು ಇಳಿಸುವ ಬದಲು ಒಡೆಯಿರಿ. ಐದು ವಸ್ತುವಿನ ಕ್ಯಾಟಲಾಗಿಗೆ 299, ಅದು ನಡೆದ ಮೇಲೆ ಉಳಿದದ್ದು. ಏನು ಸಿಗುತ್ತದೆ, ಎಷ್ಟು ದಿನದಲ್ಲಿ, ಹಿಡಿಸದಿದ್ದರೆ ಯಾವಾಗ ಹಣ ವಾಪಸ್ ಎಂಬುದನ್ನು ಕನ್ನಡದಲ್ಲಿ ಬರೆದು ಕೊಡಿ. ಜಾಹೀರಾತಿಗಿಂತ ಬೇಗ ನಂಬಿಕೆ ಹುಟ್ಟುವ ಜಾಗ ಸ್ತ್ರೀಶಕ್ತಿ ಸಂಘದ ಸಭೆ. ಸಂಘದವರ ಒಪ್ಪಿಗೆ ಪಡೆದು, ಒಬ್ಬ ಸದಸ್ಯೆಯ ಫೋನಿನಲ್ಲಿ, ಅವರ ಸರಕಿನಿಂದಲೇ, ಎಲ್ಲರೆದುರು ಕ್ಯಾಟಲಾಗ್ ಮಾಡಿ ತೋರಿಸಿ. ಅಲ್ಲೇ ಹಣ ಕೇಳಬೇಡಿ. ಸಂಘದ ಸಾಲ ತೆಗೆದು ಪ್ಯಾಕೇಜ್ ಕೊಳ್ಳಿ ಎಂದು ಎಂದೂ ಹೇಳಬೇಡಿ.