ಹಳೇ ಪಿಕಪ್ಪು ಕೇಳುತ್ತಿರುವುದು ಗಾಳಿ

"ಪಂಪ್ ಒಸಿ ಇಳಿಸ್ಕೊಡಿ ಮೇಸ್ತ್ರಿ, ಸರ್ಟಿಫಿಕೇಟ್ ಆದ್ಮೇಲೆ ಮತ್ತೆ ಏರಿಸ್ಕೊಂಡ್ರಾಯ್ತು."

ಶುಂಠಿ ಕೀಳುವ ಕಾಲ ಬಂತೆಂದರೆ ಹಾಸನದ ನನ್ನ ಗ್ಯಾರೇಜಿನಲ್ಲಿ ಈ ಮಾತು ಕೇಳದ ವಾರವಿಲ್ಲ. ಪಂಪ್ ಅಂದರೆ ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪ್. ಅದನ್ನು ಇಳಿಸುವುದೆಂದರೆ ಹೊಗೆ ಟೆಸ್ಟ್ ಪಾಸಾಗಲೆಂದು ಡೀಸೆಲ್ ಕಡಿಮೆ ಮಾಡುವುದು. ಹೋದ ಸೀಸನ್ನಿನಲ್ಲಿ ಕೇಳಿದವರು ಆಲೂರು ಕಡೆಯ ಒಬ್ಬರು ಗೌಡರು. 2009ರ ಪಿಕಪ್, ಬಿಎಸ್-3 (ಹೊಗೆಗೆ ಸರ್ಕಾರ ಇಟ್ಟ ಭಾರತ್ ಸ್ಟೇಜ್ ಮಾನದಂಡದ ಮೂರನೇ ಹಂತ), ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಡೀಸೆಲ್ ಎಂಜಿನ್. ಎಮಿಷನ್ ಟೆಸ್ಟಿನಲ್ಲಿ 4.1 ಬಂದು ಫೇಲಾಗಿತ್ತು. ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಮೂರೇ ದಿನ ಬಾಕಿ.

ಆ 4.1 ಏನೆಂದು ಗೌಡರಿಗೆ ಯಾರೂ ಹೇಳಿರಲಿಲ್ಲ. ಸೈಲೆನ್ಸರ್ ಬಾಯಿಗೆ ಕೊಳವೆ ಇಟ್ಟು ಎಳೆದುಕೊಂಡ ಹೊಗೆಯನ್ನು ಮೀಟರು ಒಂದು ಕೋಣೆಯೊಳಗೆ ತುಂಬಿಸಿ, ಅದರ ಮೂಲಕ ಬೆಳಕು ಹಾಯಿಸುತ್ತದೆ. ಬೆಳಕು ಹಾದುಹೋಗುವ ಉದ್ದ 43 ಸೆಂಟಿಮೀಟರ್ ಎಂಬ ಲೆಕ್ಕ. ಅಷ್ಟರಲ್ಲಿ ನೂರಕ್ಕೆ 65 ಪಾಲು ಬೆಳಕನ್ನು ಹೊಗೆ ತಡೆದರೆ ಮೀಟರಿನಲ್ಲಿ 2.45 ಬರುತ್ತದೆ. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಅದೇ ಮಿತಿ. ಬಿಎಸ್-4 ಗಾಡಿಗೆ 1.62, ಅಂದರೆ ಅರ್ಧ ಬೆಳಕಾದರೂ ಆಚೆ ದಾಟಬೇಕು. ಗೌಡರ ಗಾಡಿಯ ಹೊಗೆ ನೂರಕ್ಕೆ 83 ಪಾಲು ತಡೆಯುತ್ತಿತ್ತು.

ಪಂಪಿನ ಸ್ಕ್ರೂ ಯಾರು ತಿರುಗಿಸಿದ್ದು ಅಂತ ಕೇಳಿದೆ. ಐದು ವರ್ಷದ ಹಿಂದೆ ಮಂಗಳೂರಿಗೆ ಲೋಡು ಇಳಿಸಿ ಬರುವಾಗ ಶಿರಾಡಿ ಘಾಟಿಯಲ್ಲಿ ಗಾಡಿ ಎಳೆಯಲಿಲ್ಲವಂತೆ. ದಾರಿಯಲ್ಲೇ ಯಾರೋ ಮೆಕ್ಯಾನಿಕ್ ಡೀಸೆಲ್ ಜಾಸ್ತಿ ಮಾಡಿಕೊಟ್ಟರಂತೆ. ಅವತ್ತು ಎಳೆಯಿತು. ಅವತ್ತಿನಿಂದ ಹೊಗೆಯೂ ಶುರುವಾಯಿತು.

ನಮ್ಮ ಮಲೆನಾಡಿನ ಅರ್ಧಕ್ಕರ್ಧ ಹಳೇ ಪಿಕಪ್ಪುಗಳ ಕತೆ ಇದೇ. ಡೀಸೆಲ್ ಉರಿಯಬೇಕಾದರೆ ಗಾಳಿ ಬೇಕು. ಹಾಸನ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಸಾವಿರ ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಇನ್ನೂ ಮೇಲೆ. ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಟರ್ಬೊ ಇಲ್ಲದ ಎಂಜಿನ್ ಒಂದೊಂದು ಉಸಿರಿಗೂ ಅಷ್ಟು ಕಡಿಮೆ ಗಾಳಿ ಎಳೆಯುತ್ತದೆ. ಅದರ ಮೇಲೆ ಡೀಸೆಲ್ ಏರಿಸಿದರೆ ಉರಿಯದೆ ಉಳಿದದ್ದೆಲ್ಲ ಮಸಿಯಾಗಿ ಹಿಂದಿನಿಂದ ಹೋಗುತ್ತದೆ, ಒಂದಿಷ್ಟು ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ. ಹಾಗಾಗಿ ಪಂಪ್ ಇಳಿಸಿ ಎಂದು ಗೌಡರು ಕೇಳಿದ್ದರಲ್ಲಿ ಅರ್ಧ ಸರಿಯೇ ಇತ್ತು. ಮತ್ತೆ ಏರಿಸಿಕೊಳ್ಳುತ್ತೇನೆ ಎಂದದ್ದಕ್ಕೆ ನಾನು ಒಪ್ಪಲಿಲ್ಲ. ಮೊದಲು ಎಳೆತ ಯಾಕೆ ಬಿತ್ತು ಅನ್ನುವುದನ್ನು ಹುಡುಕದೆ ಸ್ಕ್ರೂ ಮುಟ್ಟಬಾರದು.

ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ. ಫಿಲ್ಟರನ್ನು ಹೊರಗಿನ ಕಲ್ಲಿನ ಮೇಲೆ ಮೆಲ್ಲಗೆ ತಟ್ಟಿದರೆ ಕೆಮ್ಮಣ್ಣು ಒಂದು ಹಿಡಿ ಬಿತ್ತು, ತೋಟದ ರಸ್ತೆಯ ಧೂಳು. ಒಳಗೆ ಬಲ್ಬು ಇಳಿಬಿಟ್ಟು ಗೌಡರಿಗೆ ತೋರಿಸಿದೆ. ಒಳ್ಳೇ ಫಿಲ್ಟರಾದರೆ ಕಾಗದದ ಮಡಿಕೆ ಮಡಿಕೆಯಲ್ಲೂ ಬೆಳಕು ಕಾಣಬೇಕು. ಇದರಲ್ಲಿ ಮೇಲ್ಗಡೆ ಒಂದು ಬೆರಳಗಲ ಬಿಟ್ಟರೆ ಉಳಿದದ್ದೆಲ್ಲ ಕತ್ತಲೆ. ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಬೇರೆ ಒಳಪದರ ಬಿಟ್ಟು ಸೊರಗಿತ್ತು. ರೇಸ್ ಕೊಟ್ಟಾಗ ಕೆನ್ನೆ ಒಳಗೆಳೆದ ಹಾಗೆ ಚಪ್ಪಟೆಯಾಗುತ್ತಿತ್ತು. ಎರಡನ್ನೂ ಹೊಸದು ಹಾಕಿದೆ. ಹಳೇ ಫಿಲ್ಟರಿಗೆ ಗಾಳಿ ಹೊಡೆದು ಮತ್ತೆ ಮತ್ತೆ ಹಾಕುವವರಿದ್ದಾರೆ. ಜೋರಾಗಿ ಹೊಡೆದರೆ ಕಾಗದ ತೂತಾಗುತ್ತದೆ, ಆಮೇಲೆ ಧೂಳು ನೇರ ಪಿಸ್ಟನ್ ರಿಂಗಿಗೆ. ಹೊಗೆ ಮೀಟರ್ ಇಟ್ಟು ನೋಡಿದರೆ 3.0. ಇಷ್ಟಕ್ಕೇ ಒಂದಂಶಕ್ಕಿಂತ ಹೆಚ್ಚು ಇಳಿದಿತ್ತು.

ಮುಂದೆ ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ನಾಝಲ್. ನಾಲ್ಕನ್ನೂ ಬಿಚ್ಚಿ ಟೆಸ್ಟರಿಗೆ ಕಟ್ಟಿ ಹ್ಯಾಂಡಲ್ ಒತ್ತಿದೆ. ಒಳ್ಳೇ ನಾಝಲ್ ಕಿರ್ರ್ ಎಂದು ಸದ್ದು ಮಾಡುತ್ತ ಮಂಜಿನ ಹಾಗೆ ಡೀಸೆಲ್ ಸಿಂಪಡಿಸುತ್ತದೆ, ನಿಲ್ಲಿಸಿದ ಮೇಲೆ ತುದಿ ಒಣಗಿರುತ್ತದೆ. ಎರಡು ಹಾಗಿದ್ದವು. ಮೂರನೆಯದು ನಲ್ಲಿಯ ಹಾಗೆ ದಾರ ಬಿಟ್ಟಿತು. ನಾಲ್ಕನೆಯದರ ತುದಿಯಲ್ಲಿ ಒಂದು ಹನಿ ತೂಗಾಡುತ್ತಿತ್ತು. ಆ ಹನಿ ಎಂಜಿನ್ನೊಳಗೆ ಹೊತ್ತಲ್ಲದ ಹೊತ್ತಲ್ಲಿ ಬಿದ್ದು ಮಸಿಯಾಗುತ್ತದೆ. ಅವೆರಡನ್ನು ಬದಲಿಸಿ, ನಾಲ್ಕರ ಪ್ರೆಶರನ್ನೂ ಒಂದೇ ಸಮ ಮಾಡಿ, ಕೆಳಗಿನ ತಾಮ್ರದ ವಾಷರ್ ಹೊಸದು ಹಾಕಿ ಕೂರಿಸಿದೆ. ಹಳೇ ವಾಷರನ್ನೇ ಹಾಕಿದರೆ ಕಂಪ್ರೆಶನ್ ಅಲ್ಲೇ ಸೋರುತ್ತದೆ. ವಾಲ್ವ್ ಒತ್ತುವ ಟ್ಯಾಪೆಟ್ ಎರಡು ಬಿಗಿಯಿದ್ದವು, ಸರಿ ಮಾಡಿದೆ.

ಆಮೇಲೆ ಪಂಪ್. ಅದನ್ನು ಗಾಡಿಯ ಮೇಲೇ ಅಂದಾಜಿಗೆ ತಿರುಗಿಸುವುದು ನನ್ನ ಪದ್ಧತಿಯಲ್ಲ. ಗಾಡಿಯಿಂದ ಬಿಚ್ಚಿ ಪಂಪ್ ಕೆಲಸದವರ ಟೆಸ್ಟ್ ಬೆಂಚಿಗೆ ಕಳಿಸಿದೆ. ಅಲ್ಲಿ ಸಿಲಿಂಡರಿಗಿಷ್ಟು ಎಂದು ಗಾಜಿನ ಅಳತೆಯಲ್ಲಿ ನೋಡಿ, ಕಂಪನಿ ಹೇಳಿದ ಪ್ರಮಾಣಕ್ಕೆ ತಂದು ಸೀಲ್ ಹಾಕಿದರು. ಖರ್ಚಿನ ಕೆಲಸ ನಿಜ, ಆದರೆ ಗೌಡರ ಡೀಸೆಲ್ ದುಡ್ಡು ಐದು ವರ್ಷದಿಂದ ಸೈಲೆನ್ಸರಿನಲ್ಲಿ ಹೋಗಿದೆ.

ಇವೆಲ್ಲ ಕಪ್ಪು ಹೊಗೆಗೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗು ಅಥವಾ ವಾಲ್ವ್ ಗೈಡ್ ಸವೆದಿದೆ ಎಂದೇ ತಿಳಿಯಿರಿ. ಫಿಲ್ಟರ್, ನಾಝಲ್ ಬದಲಿಸಿ ದುಡ್ಡು ಕಳೆಯಬೇಡಿ. ಟರ್ಬೊ ಇರುವ ಗಾಡಿಯಾದರೆ ಹೋಸ್ ಜಾಯಿಂಟುಗಳಲ್ಲಿ ಎಣ್ಣೆಪಸೆ ಇದೆಯೇ ನೋಡಿ, ಗಾಳಿ ಸೋರುವುದು ಅಲ್ಲೇ. ಬಿಎಸ್-6 ಗಾಡಿಗಳ ವಿಚಾರ ಪೂರ್ತಿ ಬೇರೆ, ಇನ್ನೊಮ್ಮೆ ಬರೆಯುತ್ತೇನೆ. ಹೊಗೆ ಕಮ್ಮಿಯಾಗಲೆಂದು ಸೀಮೆಎಣ್ಣೆ ಬೆರೆಸುವವರಿಗೆ ಕೈಮುಗಿದು ಹೇಳುತ್ತೇನೆ, ಬೆರೆಸಬೇಡಿ. ಪಂಪಿಗೂ ನಾಝಲಿಗೂ ಡೀಸೆಲ್ಲೇ ಜಿಡ್ಡು. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ, ಪಂಪಿನೊಳಗೆ ಡೀಸೆಲ್ ಒತ್ತುವ ಪ್ಲಂಜರ್ ತಿಂದುಹಾಕುತ್ತದೆ.

ಟೆಸ್ಟಿನ ದಿನದ ಮಾತು. ತಣ್ಣನೆ ಎಂಜಿನ್ ಒಯ್ಯಬೇಡಿ. ಆಯಿಲ್ ಕಡೇಪಕ್ಷ 60 ಡಿಗ್ರಿಗೆ ಕಾದಿರಬೇಕು. ಹದಿನೈದು ಕಿಲೋಮೀಟರ್ ಓಡಿಸಿ, ಏರು ಸಿಕ್ಕರೆ ಮೂರನೇ ಗೇರಿನಲ್ಲಿ ಎಳೆಸಿ, ಸೈಲೆನ್ಸರಿನಲ್ಲಿ ಕೂತ ಹಳೇ ಮಸಿ ಹೊರಗೆ ಹೋಗಲಿ. ಕ್ಯೂನಲ್ಲಿ ಅರ್ಧ ಗಂಟೆ ಐಡ್ಲಿಂಗ್ ಬಿಟ್ಟರೆ ಮತ್ತೆ ಮಸಿ ಕೂರುತ್ತದೆ. ಟೆಸ್ಟಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಎಂಜಿನ್ ವೇಗ ಮಿತಿ ದಾಟದಂತೆ ತಡೆಯುವ ಗವರ್ನರ್ ಹಿಡಿಯುವವರೆಗೆ ಹಲವು ಸಲ ರೇಸ್ ಕೊಡುತ್ತಾರೆ, ಆದ್ದರಿಂದ ಆಯಿಲ್ ಮಟ್ಟ ನೋಡಿಕೊಂಡೇ ಹೋಗಿ. ಅರ್ಧ ಒತ್ತಿ ಪಾಸ್ ಮಾಡಿಕೊಡುತ್ತೇನೆ ಅಂದರೆ ಬೇಡ ಅನ್ನಿ. ಲೋಡು ಹಾಕುವ ಹಮಾಲಿಗಳು ನಿಲ್ಲುವುದು ಗಾಡಿಯ ಹಿಂದೆಯೇ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿದೆ. ಇಷ್ಟು ವರ್ಷ ಅದೇ ಹೊಗೆಯಲ್ಲಿ ಕೆಲಸ ಮಾಡಿದ ನನಗೆ ಆ ಮಾತು ಮರೆಯುವುದಿಲ್ಲ.

ಮೂರನೇ ದಿನ ಗೌಡರ ಗಾಡಿಗೆ 1.6 ಬಂತು. ವಾರ ಬಿಟ್ಟು ಫೋನ್ ಮಾಡಿದರು. "ಶಿರಾಡಿ ಹತ್ತಿಸ್ಕೊಂಡು ಬಂದೆ ಮೇಸ್ತ್ರಿ, ಎಳೀತದೆ." ಬಿಎಸ್-3 ಗಾಡಿಗೆ ಸರ್ಟಿಫಿಕೇಟ್ ಆರೇ ತಿಂಗಳು. ಅದು ಮುಗಿಯುವ ಹೊತ್ತಿಗೆ ಫಿಲ್ಟರ್ ಡಬ್ಬಿ ಒಂದ್ಸಲ ಬಿಚ್ಚಿ ಬಲ್ಬು ಹಿಡಿದು ನೋಡಿ ಗೌಡ್ರೇ ಅಂದೆ. ಬಲ್ಬು ಆಗಲೇ ಗಾಡಿಯಲ್ಲಿ ಇಟ್ಟುಕೊಂಡಿದ್ದಾರಂತೆ.