ಹಳೆಯ ನಕ್ಷೆಯಲ್ಲಿ ಮೊದಲು ಓದಬೇಕಾದದ್ದು ಇಳಿಜಾರು

ಹಳೆಯ ನಕ್ಷೆಯನ್ನು ಮೊಬೈಲಿನ ಉಪಗ್ರಹ ಚಿತ್ರದ ಮೇಲೆ ಹೊದಿಸಿ, ‘ನಮ್ಮ ಕಟ್ಟಡದ ಜಾಗದಲ್ಲೇ ಹಿಂದೆ ರೈಲು ಓಡುತ್ತಿತ್ತು’ ಎಂದು ಸಾರುವ ಹವ್ಯಾಸ ಮುಂಬೈ, ಪುಣೆಗಳ ಕನ್ನಡಿಗರಲ್ಲೂ ಹರಡುತ್ತಿದೆ. ಉತ್ಸಾಹ ಒಳ್ಳೆಯದೇ, ಆದರೆ ಗೆರೆಯನ್ನು ಅಷ್ಟು ಸಲೀಸಾಗಿ ನಂಬಬಾರದು. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು ಭೂಮಿಯ ಆಕಾರಕ್ಕೆ ಸರ್ವೇಯರ್ ಜಾರ್ಜ್ ಎವರೆಸ್ಟ್ ಅವರ 1830ರ ಲೆಕ್ಕವನ್ನು ಆಧರಿಸಿವೆ, ಮೊಬೈಲಿನದು ಬೇರೆ ಲೆಕ್ಕ. ಈ ವ್ಯತ್ಯಾಸವನ್ನು ಸರಿಪಡಿಸದೆ ಅಕ್ಷಾಂಶ, ರೇಖಾಂಶಗಳನ್ನಷ್ಟೇ ಹೊಂದಿಸಿದರೆ ರೈಲುದಾರಿ ಪಕ್ಕದ ಬೀದಿಗೆ ಹೋಗಿ ಕೂರುತ್ತದೆ. ಆದ್ದರಿಂದ ಮಸಿಯ ಗೆರೆಗಿಂತ ಮೊದಲು ನೆಲದ ಏರಿಳಿತವನ್ನು ಓದಬೇಕೆಂಬುದು ನನ್ನ ಹಠ.

ಉಕ್ಕಿನ ಗಾಲಿಗೆ ಉಕ್ಕಿನ ಹಳಿಯ ಮೇಲೆ ಸಿಗುವ ಹಿಡಿತ ಕಡಿಮೆ, ಮಳೆ ಬಿದ್ದರೆ ಇನ್ನೂ ಕಡಿಮೆ. ಮುಂಬೈಯಿಂದ ಕಲಬುರಗಿ, ಬೆಂಗಳೂರುಗಳ ಕಡೆಗೆ ಹೊರಟ ರೈಲಿಗೆ ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳುವ ‘ಬ್ಯಾಂಕರ್’ ಎಂಜಿನ್‌ಗಳನ್ನು ಜೋಡಿಸುವುದು ಇದೇ ಕಾರಣಕ್ಕೆ. ನಾವು ವಡಾಪಾವ್ ಕೊಳ್ಳುವ ಆ ಬಿಡುವನ್ನು ಕೊಟ್ಟಿರುವುದು ಸಹ್ಯಾದ್ರಿಯ ಏರು. ಭೋರ್ ಘಾಟ್‌ನಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ ಒಪ್ಪಿಕೊಂಡ ಅತಿ ಕಡಿದಾದ ಏರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಸಾಗಿದರೆ 1 ಮೀಟರ್ ಮೇಲಕ್ಕೆ. ಹತ್ತಬೇಕಾದ ಎತ್ತರ ಸುಮಾರು 558 ಮೀಟರ್. ಗುಣಿಸಿ ನೋಡಿ: ಘಾಟು ನೇರವಾಗಿ ಎಷ್ಟೇ ಹತ್ತಿರವಿರಲಿ, ಹಳಿ 20 ಕಿಲೋಮೀಟರಿಗಿಂತ ಚಿಕ್ಕದಾಗುವುದು ಸಾಧ್ಯವೇ ಇಲ್ಲ. ನಿಜವಾಗಿ ಅದು ಸುಮಾರು 25 ಕಿಲೋಮೀಟರ್ ಆಯಿತು. ಇಷ್ಟು ಉದ್ದವನ್ನು ಕಡಿದಾದ ಬೆಟ್ಟದಲ್ಲಿ ಅಡಗಿಸಲು ದಾರಿಯನ್ನು ಅಂಕುಡೊಂಕಾಗಿ ಮಡಿಸಬೇಕು, ತಿರುವಿಗೆ ಜಾಗವೇ ಇಲ್ಲದ ಕಡೆ ರೈಲನ್ನೇ ಹಿಮ್ಮುಖ ಮಾಡಬೇಕು. ಖಂಡಾಲದ ಕೆಳಗೆ ಹಾಗೆಯೇ ಮಾಡಿದರು: ರೈಲು ಒಂದು ಮೊನೆಯ ತುದಿಗೆ ಬಂದು ನಿಂತು, ಎಂಜಿನ್ ಇನ್ನೊಂದು ತುದಿಗೆ ಬದಲಾಗಿ, ಬಂದ ದಿಕ್ಕಿಗೇ ಮೇಲೇರುತ್ತಿತ್ತು. 1929ರಲ್ಲಿ ಹೊಸ ದಾರಿ ಬಂದು ರೈಲು ಹಿಮ್ಮುಖವಾಗುತ್ತಿದ್ದ ಈ ನಿಲ್ದಾಣ ಕೈಬಿಟ್ಟುಹೋಯಿತು. ಅದಕ್ಕಿಂತ ಹಿಂದಿನ ಹಾಳೆಯಲ್ಲಿ ಇಂಗ್ಲಿಷಿನ ವಿ ಅಕ್ಷರದಂತಹ ಮೊನೆ ಕಂಡರೆ ಅದು ನಕ್ಷೆಗಾರನ ಕೈತಪ್ಪಲ್ಲ. ಅಲ್ಲಲ್ಲಿ ಎಲ್ಲಿಗೂ ತಲುಪದೆ ಬೆಟ್ಟದತ್ತ ಏರುವ ಮೋಟು ಗೆರೆಗಳು, ಹಿಡಿತ ತಪ್ಪಿದ ರೈಲನ್ನು ಏರಿಗೆ ತಿರುಗಿಸಿ ನಿಲ್ಲಿಸುವ ಕ್ಯಾಚ್ ಸೈಡಿಂಗ್‌ಗಳು. (ಇಲ್ಲಿನ ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ ಭಾರತಕ್ಕೆ ಬಂದ ಸ್ವಲ್ಪ ಕಾಲದಲ್ಲೇ ತೀರಿಕೊಂಡಾಗ ಗುತ್ತಿಗೆಯನ್ನು ವಹಿಸಿಕೊಂಡವರು ಅವರ ಪತ್ನಿ ಆಲಿಸ್. ಇದನ್ನು ಯಾವ ನಕ್ಷೆಯೂ ಹೇಳುವುದಿಲ್ಲ.)

ಘಾಟಿನ ಬುಡದ ಖೋಪೋಲಿಯನ್ನೂ ಹೀಗೆಯೇ ಓದಬೇಕು. ಇಂದು ಅದು ಲೋಕಲ್ ರೈಲಿನ ಒಂದು ಕವಲಿನ ಕೊನೆ, ಆದರೆ 1856ರಲ್ಲಿ ಮುಂಬೈಯಿಂದ ಬಂದ ಹಳಿ ಮುಗಿಯುತ್ತಿದ್ದುದೇ ಅಲ್ಲಿ. 1858ರಲ್ಲಿ ಖಂಡಾಲದಿಂದ ಪುಣೆಗೆ ರೈಲು ಬಂತು, ನಡುವಿನ ಘಾಟನ್ನು 1863ರವರೆಗೂ ಜನ ಪಲ್ಲಕ್ಕಿ, ಕುದುರೆಗಳಲ್ಲಿ ಹತ್ತಿದರು.

ಕಾಲುವೆಯ ಸ್ವಭಾವ ಇನ್ನೂ ಕಟ್ಟುನಿಟ್ಟು. ನೀರು ಕೊರೆಯದಷ್ಟು ನಿಧಾನವಾಗಿ, ಹೂಳು ಕೂರದಷ್ಟು ವೇಗವಾಗಿ ಹರಿಯಬೇಕಾದ್ದರಿಂದ ಅದು ಸಮಎತ್ತರದ ರೇಖೆಯನ್ನು ಹೆಚ್ಚುಕಡಿಮೆ ಅನುಸರಿಸಿಯೇ ಸಾಗುತ್ತದೆ. 1879ರ ಹೊತ್ತಿಗೆ ಮುಗಿದ, ಪುಣೆಯ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಹೊರಟ ಮುಠಾ ಬಲದಂಡೆ ಕಾಲುವೆ ಪರ್ವತಿ ಗುಡ್ಡವನ್ನು ಬಳಸಿ ಹಡಪ್ಸರದ ಕಡೆಗೆ ಹೋಗುವುದು ಹಾಗೆಯೇ. ನಕ್ಷೆಯಲ್ಲಿ ಅಂಥ ಗೆರೆ ಗುಡ್ಡವನ್ನು ನೇರವಾಗಿ ಏರುವಂತೆ ಕಂಡರೆ, ತಪ್ಪು ನಕ್ಷೆಯದು ಅಥವಾ ಅದನ್ನು ಹೊಂದಿಸಿದ ನಮ್ಮದು.

ಸಮತಟ್ಟಾದ ಮುಂಬೈಯಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಜಮೀನಿನ ಒಡೆತನವನ್ನು ಹುಡುಕಬೇಕು. ಚರ್ಚ್‌ಗೇಟಿನಿಂದ ಕೊಲಾಬಾದವರೆಗಿನ ಹಳಿ 1930ರ ಕೊನೆಗೆ ಮುಚ್ಚಿಹೋದರೂ, ಕೊಲಾಬಾ ನಿಲ್ದಾಣವಿದ್ದ ಜಾಗದಲ್ಲಿ ಇಂದಿಗೂ ರೈಲ್ವೆ ಅಧಿಕಾರಿಗಳ ವಸತಿಯಾದ ಬಧ್ವಾರ್ ಪಾರ್ಕ್ ಇದೆ. 1928ರಲ್ಲಿ ಕುರ್ಲಾ ಮಾರ್ಗವಾಗಿ ಟ್ರಾಂಬೆಯನ್ನು ಅಂಧೇರಿಗೆ ಜೋಡಿಸಿ 1934ರಲ್ಲಿ ನಿಂತುಹೋದ ಹಳಿಯ ಕುರ್ಲಾ–ಅಂಧೇರಿ ಭಾಗಕ್ಕೆ ಮಾತ್ರ ಇಳಿಜಾರಿನ ಸಾಕ್ಷ್ಯವೂ ಇಲ್ಲ, ಇಂಥ ನೆಲದ ಗುರುತು ಸುಲಭಕ್ಕೆ ಸಿಗುವುದೂ ಇಲ್ಲ. ಅದನ್ನು ಹುಡುಕುವವರು ಆ 6 ವರ್ಷಗಳೊಳಗೆ ಅಳತೆ ಮಾಡಿದ ಹಾಳೆಯನ್ನೇ ಹಿಡಿಯಬೇಕು. ಹಾಳೆಯ ಅಂಚಿನಲ್ಲಿ ಮುದ್ರಣದ ವರ್ಷ ಬೇರೆ, ಅಳತೆಯ ವರ್ಷ ಬೇರೆ ಇರುತ್ತದೆ.